ನಿದ್ದಿ ಬಂತೇನಪಾ?

ನಿದ್ದೆ ಬರುವವರ ಮೇಲೆ ನನಗೇನೂ ಸಿಟ್ಟಿಲ್ಲ. ಅವರು ನಿದ್ದೆ ಬರದವರಿಗೆ ಬುದ್ಧಿ ಹೇಳುತ್ತಾರಲ್ಲ, ಸಿಟ್ಟು ಅದಕ್ಕೆ. "ಸುಮ್ನೆ ಕಣ್ಣು ಮುಚ್ಚಿ, ತಾನೇ ಬರುತ್ತೆ." ತಾನೇ ಬರೋದಾಗಿದ್ದರೆ ನಾನ್ಯಾಕೆ ನಡುರಾತ್ರಿ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದೆ? ಎಷ್ಟು ಸಲ ಎಣಿಸಿದರೂ ಮೂರೇ.

ಅದರಲ್ಲೂ ರಾಯಚೂರಿನ ಮೇ ತಿಂಗಳು. ನಿದ್ದೆ ಹತ್ತಬೇಕಾದರೆ ಮೈಯ ಬಿಸಿ ಸ್ವಲ್ಪ ಇಳಿಯಬೇಕು, ಕೋಣೆ ತಂಪಾಗಿರಬೇಕು ಅಂದರು ಡಾಕ್ಟರು. ನಮ್ಮ ಆರ್‌ಸಿಸಿ ಮಾಳಿಗೆಯೋ, ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಬಡ್ಡಿ ಸಮೇತ ವಾಪಸ್ ಕೊಡುತ್ತದೆ. ಪಕ್ಕದ ಶಕ್ತಿನಗರ 1985ರಿಂದ ನಾಡಿಗೆಲ್ಲ ಕರೆಂಟ್ ಕೊಡುತ್ತಿದೆ. ನಮ್ಮ ಓಣಿಯಲ್ಲಿ ಮಾತ್ರ ಕಣ್ಣು ಎಳೆಯುವ ಹೊತ್ತಿಗೇ ಫ್ಯಾನ್ ನಿಲ್ಲುತ್ತದೆ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ಅದು ಬೇರೂರಿದ ಕಾಯಿಲೆಯ ಲೆಕ್ಕವಂತೆ. ಮಾತ್ರೆ ಬರೆಯಲಿಲ್ಲ ಪುಣ್ಯಾತ್ಮರು. ಮಧ್ಯಾಹ್ನದ ಮೇಲೆ ಚಹಾ ಬೇಡ, ಅದರ ಕೆಫೀನ್ ಅರ್ಧ ಇಳಿಯಲಿಕ್ಕೇ ಐದಾರು ತಾಸು ಬೇಕು ಅಂದರು. ಎಷ್ಟೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕೂತುಕೊಳ್ಳಿ. ಹಾಸಿಗೆ ಅಂದರೆ ಹೊರಳಾಡುವ ಜಾಗ ಅಂತ ತಲೆಗೆ ರೂಢಿಯಾಗಿದೆ, ಅದನ್ನು ಬಿಡಿಸಬೇಕು. ನಿಜ ಹೇಳಬೇಕೆಂದರೆ, ಇದರಿಂದ ಉಪಯೋಗವಾಗುತ್ತಿದೆ.

ಆದರೆ ಡಾಕ್ಟರಿಗೆ ನಮ್ಮವ್ವ ಗೊತ್ತಿಲ್ಲ.

ಅವಳು ಮಲಗುವುದು ಪಡಸಾಲೆಯಲ್ಲಿ. ನಾನು ಹೋಗಿ ಕೂತರೆ ತಾನೂ ಎದ್ದು ಕೂರುತ್ತಾಳೆ. "ಯಾಕಪಾ, ಹಸಿವಾಗ್ಯಾದೇನು? ಅವಲಕ್ಕಿ ಹಚ್ಚಲೇನು?" ಬೇಡ ಅಂದರೆ ದೃಷ್ಟಿ ತೆಗೆಯಲು ಹೊರಡುತ್ತಾಳೆ. ಮೊನ್ನೆ ಸರಿರಾತ್ರಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ನನ್ನ ಮುಖಕ್ಕೆ ನಿವಾಳಿಸಿ ಒಲೆಗೆ ಹಾಕಿದಳು. ಹೆಂಡತಿ, ಮಗಳು ಕೆಮ್ಮುತ್ತಾ ಎದ್ದು ಬಂದರು. ಪಕ್ಕದ ಮನೆಯವರೂ ಕೆಮ್ಮಿದ್ದು ಕೇಳಿಸಿತು. ಅವ್ವ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, "ನೋಡು, ಒಂಚೂರಾದ್ರೂ ಘಾಟು ಬಂತೇನು? ಎಷ್ಟು ದೃಷ್ಟಿ ಆಗಿತ್ತು!" ಅಂದಳು. ಆಮೇಲೆ ಮಲಗಿ ಎರಡೇ ನಿಮಿಷಕ್ಕೆ ಗೊರಕೆ.

ಇದನ್ನಾದರೂ ಸಹಿಸಬಹುದು. ಬೆಳಗಿನ ಜಾವ ಹೇಗೋ ಕಣ್ಣು ಹತ್ತಿರುತ್ತದೆ. ಆಗ ನೀರು ಕುಡಿಯಲು ಎದ್ದ ಅವ್ವ ಕೋಣೆಗೆ ಬರುತ್ತಾಳೆ, ನನ್ನ ಕಾಲಿನ ಹೆಬ್ಬೆರಳು ಹಿಡಿದು ಅಲ್ಲಾಡಿಸುತ್ತಾಳೆ, "ನಿದ್ದಿ ಬಂತೇನಪಾ?" ಬಂದಿತ್ತು ಅಂದರೆ "ಛಲೋ ಆತು, ಮಲಕೋ" ಎಂದು ಸಮಾಧಾನದಿಂದ ಹೋಗುತ್ತಾಳೆ. ಸಿಟ್ಟು ಮಾಡೋದಾದರೂ ಹೇಗೆ? ಸಣ್ಣವನಿದ್ದಾಗ ಮಾಳಿಗೆ ಮೇಲೆ ಮಲಗುತ್ತಿದ್ದೆವು. ಮಳೆ ಬಂದರೆ ಇದೇ ಅವ್ವ ನನ್ನನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಒಮ್ಮೆಯೂ ನನಗೆ ಎಚ್ಚರವಾಗುತ್ತಿರಲಿಲ್ಲವಂತೆ.

ನಿನ್ನೆ ಧೈರ್ಯ ಮಾಡಿ ಹೇಳಿದೆ. "ಅವ್ವಾ, ಕೇಳಲಿಕ್ಕಂತ ನನ್ನ ಎಬ್ಬಿಸಬ್ಯಾಡ." ಪಾಪ, ಒಪ್ಪಿಕೊಂಡಳು. ರಾತ್ರಿ ಬಂದು ನನ್ನನ್ನು ಮುಟ್ಟಲೂ ಇಲ್ಲ. ಹೆಂಡತಿಯನ್ನು ಎಬ್ಬಿಸಿ ಕೇಳಿದಳು, "ನಿನ್ನ ಗಂಡಗ ನಿದ್ದಿ ಬಂತೇನು, ನೋಡವಾ."

ಅವಳು ಲೈಟ್ ಹಾಕಿ ನೋಡಿದಳು.