ಮೇಲಿನ ಮನೆ ಗಲಾಟೆ: ತಾರೀಕು ಹಾಕಿ ಬರೆದಿಡಿ

"ಅಯ್ಯೋ ಬಿಡ್ರೀ, ಯಾಕೆ ಬೇಕು ಆ ಉಸಾಬರಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮವರ ಬಾಯಲ್ಲಿ ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ರಾತ್ರಿ ಎರಡು ಗಂಟೆಗೆ ಮೇಲಿನ ಮನೆಯಲ್ಲಿ ಸ್ಪೀಕರ್ ಢಂ ಢಂ ಅಂತಿದ್ದರೂ ಅಡ್ಜಸ್ಟ್. ಮೆಟ್ಟಿಲ ಮೇಲೆ ಗಾಂಜಾ ಹೊಗೆ ಬಿಡುತ್ತಾ ಕೂತವರನ್ನು ದಾಟಿಕೊಂಡು ಮಗುವನ್ನು ಸ್ಕೂಲಿಗೆ ಕರೆದುಕೊಂಡು ಹೋಗಬೇಕಾದರೂ ಅಡ್ಜಸ್ಟ್. ಕಂಪ್ಲೇಂಟ್ ಕೊಟ್ಟರೆ ವೀಸಾಗೆ ತೊಂದರೆಯಾಗುತ್ತೆ ಅಂತ ಯಾರೋ ವಾಟ್ಸಾಪ್‌ನಲ್ಲಿ ಬೇರೆ ಹಬ್ಬಿಸಿರ್ತಾರೆ. ಅದೆಲ್ಲ ಸುಳ್ಳು.

ನಮಗೂ ಕೌನ್ಸಿಲ್ ಮನೆಗೂ, ಅಂದರೆ ಊರಿನ ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುವ ಮನೆಗೂ, ಏನು ಸಂಬಂಧ ಅಂತೀರಾ? 1980ರ ಹೌಸಿಂಗ್ ಆಕ್ಟ್ ಬಂದ ಮೇಲೆ ಕೌನ್ಸಿಲ್ ಬಾಡಿಗೆದಾರರು ತಾವಿದ್ದ ಫ್ಲ್ಯಾಟನ್ನೇ ರಿಯಾಯಿತಿ ದರದಲ್ಲಿ ಕೊಂಡುಕೊಂಡರು. ಆಮೇಲೆ ಎಷ್ಟೋ ಜನ ಮಾರಿಬಿಟ್ಟರು. ಅಂಥ ಫ್ಲ್ಯಾಟ್‌ಗಳೇ ಇವತ್ತು ಬಾಡಿಗೆಗೆ ಸಿಗುವುದು. ರೂಮು ದೊಡ್ಡದು, ಬಾಡಿಗೆ ಸ್ವಲ್ಪ ಕಡಿಮೆ. ನಾವೂ ಹಾಗೇ ಬಂದು ಸೇರಿಕೊಂಡವರು. ನಮ್ಮ ಓನರ್ ಬೇರೆ, ಆದರೆ ಮೇಲಿನ ಮನೆಯವರಿಗೆ ಕೌನ್ಸಿಲ್ಲೇ ಓನರ್. ಹಾಗಾಗಿ ಅವರ ಮೇಲಿನ ದೂರು ಕೌನ್ಸಿಲ್‌ಗೇ ಹೋಗಬೇಕು. ನಮ್ಮ ಲೆಟಿಂಗ್ ಏಜೆಂಟ್‌ಗೆ ಹೇಳಿಕೊಂಡು ಏನೂ ಉಪಯೋಗವಿಲ್ಲ.

ಮೊದಲ ಸಲ ಫೋನ್ ಮಾಡಿದಾಗ ಆ ಕಡೆಯಾಕೆ ಕೇಳಿದ್ದು ಒಂದೇ, "ಯಾವ ತಾರೀಕು, ಎಷ್ಟು ಗಂಟೆಗೆ?" ದಿನಾ ಇದೇ ಗೋಳು ಅಂದರೆ ಅವರಿಗೆ ಸಾಲದು. ಮನೆಗೊಂದು ಡೈರಿ ಶೀಟ್ ಕಳಿಸಿದರು. ತಾರೀಕು, ಶುರುವಾದ ಹೊತ್ತು, ನಿಂತ ಹೊತ್ತು, ಏನು ಕೇಳಿಸಿತು, ನೀವು ಯಾವ ರೂಮಿನಲ್ಲಿದ್ದಿರಿ, ನಿಮಗೆ ಏನಾಯಿತು. ನನ್ನ ಹೆಂಡತಿ ಹಾಲಿನ ಲೆಕ್ಕ ಬರೆಯೋ ಹಾಗೆ ಬರೆದಳು: "ರಾತ್ರಿ 1.40, ಬೆಡ್‌ರೂಮು, ಹಾಡು ಮತ್ತು ಕೂಗಾಟ, 3.15ಕ್ಕೆ ನಿಂತಿತು, ಮಗು ಎದ್ದು ಅತ್ತಿತು, ಬೆಳಿಗ್ಗೆ ಶಿಫ್ಟ್ ಇತ್ತು." ಈಗ ಬಹಳ ಕಡೆ ಫೋನಿನಲ್ಲೇ ಸದ್ದು ರೆಕಾರ್ಡ್ ಮಾಡಿ ಕಳಿಸುವ ಆ್ಯಪ್ ಕೂಡ ಇದೆ.

ನಿದ್ದೆ ಕೆಟ್ಟವನೇ ಗುಮಾಸ್ತನ ಕೆಲಸವನ್ನೂ ಮಾಡಬೇಕು ಅನ್ನುವುದು ಅನ್ಯಾಯ. ನನಗೆ ಈಗಲೂ ಅದರ ಮೇಲೆ ಸಿಟ್ಟಿದೆ. ಆದರೆ ಕೋರ್ಟಿನಿಂದ ಇಂಜಂಕ್ಷನ್ ತರಬೇಕಾದರೂ, ಮನೆ ಖಾಲಿ ಮಾಡಿಸಬೇಕಾದರೂ ಜಡ್ಜ್ ಮುಂದೆ ನಿಲ್ಲುವುದು ಆ ಹಾಳೆಯೇ. ಪೊಲೀಸರಿಗೆ 101ಕ್ಕೆ ಫೋನ್ ಮಾಡಿದರೂ ರೆಫರೆನ್ಸ್ ನಂಬರ್ ಕೇಳಿ ಬರೆದುಕೊಳ್ಳಿ. ಹೊಡೆದಾಟ, ಚಾಕು, ಬೆದರಿಕೆ ಅಂದರೆ ಹಿಂದೆಮುಂದೆ ನೋಡದೆ 999. ಹೆಸರು ಹೊರಗೆ ಬರುತ್ತೆ ಅನ್ನುವ ಭಯ ಇದ್ದವರಿಗೆ ಒಂದು ಮಾತು. ಇದು ಸಿವಿಲ್ ಕೇಸ್ ಆದ್ದರಿಂದ ಅಕ್ಕಪಕ್ಕದವರು ಹೇಳಿದ್ದನ್ನು ಕೌನ್ಸಿಲ್‌ನ ಹೌಸಿಂಗ್ ಆಫೀಸರೇ, ಯಾರು ಅಂತ ಹೆಸರು ಹೇಳದೆ, ಕೋರ್ಟ್ ಮುಂದೆ ಇಡಬಹುದು. ನೀವೇ ಬಂದು ಸಾಕ್ಷಿ ಹೇಳಿದಷ್ಟು ತೂಕ ಅದಕ್ಕಿರೋಲ್ಲ, ನಿಜ. ಆದರೂ ಏನೂ ಇಲ್ಲದ್ದಕ್ಕಿಂತ ಮೇಲು ಅಲ್ವಾ?

ಹಾಗಂತ ಕಿವಿಗೆ ಬಿದ್ದದ್ದೆಲ್ಲ ಕಿರುಕುಳವಲ್ಲ. ಮಕ್ಕಳು ಓಡಾಡುವುದು, ಬಾಗಿಲು ಹಾಕುವುದು, ವಾಷಿಂಗ್ ಮೆಷಿನ್, ಇವೆಲ್ಲ ಬದುಕಿನ ಸದ್ದು. ಲಂಡನ್ನಿನ ಸದರ್ಕ್ ಕೌನ್ಸಿಲ್ ಬಾಡಿಗೆದಾರರು ಪಕ್ಕದ ಮನೆಯ ಪ್ರತಿ ಸದ್ದೂ ಕೇಳಿಸುತ್ತೆ ಅಂತ ಹೌಸ್ ಆಫ್ ಲಾರ್ಡ್ಸ್‌ವರೆಗೆ (ಆಗ ಅದೇ ಇಲ್ಲಿನ ಅತಿ ದೊಡ್ಡ ಕೋರ್ಟ್) ಹೋಗಿ 1999ರಲ್ಲಿ ಸೋತರು. ಮಾಮೂಲಿಯಾಗಿ ಬದುಕುವುದು ತಪ್ಪಲ್ಲ, ಹಳೇ ಕಟ್ಟಡದ ಗೋಡೆ ತೆಳು ಅನ್ನುವುದಕ್ಕೆ ಕೌನ್ಸಿಲ್ ಹೊಣೆಯಲ್ಲ ಅಂತಾಯಿತು. ನಮ್ಮ ಕೆಳಗಿನ ಮನೆಯವರಿಗೆ ಬೆಳಿಗ್ಗೆ ಆರಕ್ಕೆ ನಮ್ಮ ಮಿಕ್ಸಿ, ಕುಕ್ಕರ್ ವಿಷಲ್ ಹೇಗೆ ಕೇಳಿಸುತ್ತಿರಬಹುದು! ಚಟ್ನಿ ಈಗ ಹಿಂದಿನ ರಾತ್ರಿಯೇ ರೆಡಿ.

ಇನ್ನೊಂದು ಸಂಗತಿ ನಾನು ಇಲ್ಲಿಗೆ ಬಂದ ಮೇಲೆ ಕಲಿತದ್ದು. ನಮ್ಮ ಗ್ರೌಂಡ್ ಫ್ಲೋರಿನಲ್ಲಿ ಒಬ್ಬಂಟಿ ಮನುಷ್ಯ, ಆರೋಗ್ಯ ಸರಿಯಿಲ್ಲ. ಇದ್ದಕ್ಕಿದ್ದಂತೆ ಅವನ ಮನೆಗೆ ಹೊತ್ತಲ್ಲದ ಹೊತ್ತಲ್ಲಿ ಹುಡುಗರು ಬಂದು ಹೋಗತೊಡಗಿದರು. ಕೀ ಅವರ ಕೈಯಲ್ಲಿ. ಅವನು ಮಾತ್ರ ಹೊರಗೆ ಬೆಂಚಿನ ಮೇಲೆ. ಬ್ಲಾಕಿನವರೆಲ್ಲ ಅವನನ್ನೇ ಬೈಯುತ್ತಿದ್ದರು. ಡ್ರಗ್ಸ್ ಮಾರುವವರು ಇಂಥ ಬಡಪಾಯಿಗಳ ಮನೆಯನ್ನೇ ಆಕ್ರಮಿಸಿಕೊಳ್ಳುತ್ತಾರೆ. ಪೊಲೀಸರು, ಕೌನ್ಸಿಲ್ ಕೋರ್ಟಿಗೆ ಹೋಗಿ ಕ್ಲೋಷರ್ ಆರ್ಡರ್, ಅಂದರೆ ಆ ಮನೆಗೆ ಯಾರೂ ಹೋಗದಂತೆ ಮುಚ್ಚಿಸುವ ಆದೇಶ, ತರಬಹುದು. ಮೂರು ತಿಂಗಳು, ಬೇಕಾದರೆ ಆರು ತಿಂಗಳವರೆಗೆ. ಮನೆಯವನು ಅಲ್ಲೇ ಇರಬಹುದು, ಬೇರೆ ಯಾರೂ ಕಾಲಿಡಕೂಡದು ಅಂತಲೂ ಆರ್ಡರ್ ಮಾಡಿಸಬಹುದು. ಇಂಥ ಕಡೆ ಫೋನ್ ಮಾಡುವುದು ಚಾಡಿ ಹೇಳಿದಂತಲ್ಲ, ಆ ಮನುಷ್ಯನನ್ನು ಉಳಿಸಿದಂತೆ.

ದೂರು ಕೊಟ್ಟೂ ಕೊಟ್ಟೂ ಯಾರೂ ಅಲುಗಾಡದಿದ್ದರೆ? ಲೆಸ್ಟರ್‌ಷೈರ್‌ನ ಬಾರ್ವೆಲ್‌ನಲ್ಲಿ ಫಿಯೋನಾ ಪಿಲ್ಕಿಂಗ್ಟನ್ ಅಂತ ಒಬ್ಬ ತಾಯಿ. ಬೀದಿಯ ಹುಡುಗರ ಕಾಟಕ್ಕೆ ವರ್ಷಾನುಗಟ್ಟಲೆ ಪೊಲೀಸರನ್ನು ಕರೆದರು, 33 ಸಲ. ಪ್ರತಿ ಕರೆಯನ್ನೂ ಪೊಲೀಸರು ಸಣ್ಣ ವಿಷಯ ಅಂತಲೇ ನೋಡಿದರು. 2007ರಲ್ಲಿ ಅಂಗವಿಕಲ ಮಗಳ ಜೊತೆ ಆಕೆ ಪ್ರಾಣ ಕಳೆದುಕೊಂಡರು. ಪೊಲೀಸರ, ಕೌನ್ಸಿಲ್‌ಗಳ ಲೋಪವೂ ಇದಕ್ಕೆ ಕಾರಣ ಅಂತ 2009ರ ವಿಚಾರಣೆಯಲ್ಲಿ ಜ್ಯೂರಿ ಹೇಳಿತು. 33 ಕರೆಗಳನ್ನು ಒಂದೇ ಕಡೆ ಜೋಡಿಸಿ ನೋಡಿದವರಿರಲಿಲ್ಲ.

ಇಂಥ ಕಿರುಕುಳ ತಡೆಯೋಕೆ ಬಂದ 2014ರ ಕಾನೂನಿನಲ್ಲಿ ಅದಕ್ಕೊಂದು ದಾರಿ ಇದೆ. ಕೇಸ್ ರಿವ್ಯೂ ಅಂತಾರೆ, ಹಳಬರು ಕಮ್ಯುನಿಟಿ ಟ್ರಿಗರ್ ಅಂತಾರೆ. ಆರು ತಿಂಗಳಲ್ಲಿ ಮೂರು ದೂರು ಕೊಟ್ಟಿದ್ದರೆ ಸಾಕು, ಕೌನ್ಸಿಲ್, ಪೊಲೀಸ್, ಆರೋಗ್ಯ ಇಲಾಖೆಯವರು ಎಲ್ಲ ಸೇರಿ ನಿಮ್ಮ ಕೇಸನ್ನು ಮತ್ತೆ ನೋಡಲೇಬೇಕು. ಕೆಲವು ಕಡೆ ಇನ್ನೂ ಕಡಿಮೆ ಸಾಕು. ನಿಮ್ಮ ಪರವಾಗಿ ಕೌನ್ಸಿಲರ್, ಎಂಪಿ ಕೂಡ ಕೇಳಬಹುದು. ಆದರೆ ನಮ್ಮ ಫೋನ್ ಎತ್ತಿಕೊಂಡ ಯಾರೊಬ್ಬರೂ ಇದರ ಬಗ್ಗೆ ತುಟಿ ಬಿಚ್ಚಲಿಲ್ಲ. ನಾವೇ ಕೇಳಿದ ಮೇಲೆ ಫಾರಂ ಬಂತು. ಗೊತ್ತಿದ್ದೂ ಹೇಳದಿರುವುದಕ್ಕೆ ಏನನ್ನಬೇಕು?

ಕೌನ್ಸಿಲ್ ಮೇಲೇ ದೂರು ಕೊಡಬೇಕಾದರೆ ಮೊದಲು ಅವರದ್ದೇ ಕಂಪ್ಲೇಂಟ್ ದಾರಿಯ ಎರಡೂ ಹಂತ ಮುಗಿಸಿ. ಆಮೇಲೆ, ಅದೇ ಕೌನ್ಸಿಲ್‌ನ ಬಾಡಿಗೆದಾರರು, ಲೀಸ್‌ಹೋಲ್ಡರ್‌ಗಳು (ಕೌನ್ಸಿಲ್ ಕಟ್ಟಡದಲ್ಲಿ ಫ್ಲ್ಯಾಟ್ ಕೊಂಡವರು) ಹೌಸಿಂಗ್ ಓಂಬುಡ್ಸ್‌ಮನ್, ಅಂದರೆ ಇಂಥ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿಯ ಹತ್ತಿರ ಹೋಗಬಹುದು. ನಮ್ಮ ಹಾಗೆ ಖಾಸಗಿ ಓನರ್ ಕೈಕೆಳಗಿದ್ದು, ಸದ್ದಿನ ದೂರನ್ನು ಕೌನ್ಸಿಲ್‌ನ ಎನ್ವಿರಾನ್‌ಮೆಂಟಲ್ ಹೆಲ್ತ್‌ನವರು ಸರಿಯಾಗಿ ನೋಡದಿದ್ದರೆ, ಅದಕ್ಕೆ ಲೋಕಲ್ ಗವರ್ನಮೆಂಟ್ ಓಂಬುಡ್ಸ್‌ಮನ್ ಅಂತ ಬೇರೆಯೇ ಇದ್ದಾರೆ. ಎರಡಕ್ಕೂ ಫೀಸ್ ಇಲ್ಲ, ಲಾಯರ್ ಬೇಕಿಲ್ಲ. ಡೈರಿ ಶೀಟಿನ ಕಾಪಿ ಇಟ್ಟುಕೊಂಡಿರಿ, ಅಲ್ಲೂ ಅದನ್ನೇ ಕೇಳ್ತಾರೆ.