ಆಯಿ ಕಂಡ ಲಿಸ್ಬನ್

ನಾವು ಲಿಸ್ಬನ್ನಿನಲ್ಲಿ ಇಳಿದಾಗ ಜೂನ್ ತಿಂಗಳು. ಊರಲ್ಲಿ, ಕುಮಟೆಯಲ್ಲಿ, ಮಳೆ ಹಿಡಿದು ವಾರವಾಗಿತ್ತು. ಇಲ್ಲಿ ನೋಡಿದರೆ ಕಣ್ಣು ಕುಕ್ಕುವ ಬಿಸಿಲು. ಕಾಲುದಾರಿಗೆ ಹಾಸಿದ ಬಿಳಿ ಸುಣ್ಣಕಲ್ಲು ಸವೆದು ನುಣುಪಾಗಿ, ಕೆಳಗಿನಿಂದಲೂ ಬಿಸಿಲು ಬಂದಂತೆ ಹೊಳೆಯುತ್ತಿತ್ತು. ಆಯಿಯ, ಅಂದರೆ ನನ್ನ ಅಮ್ಮನ, ಮೊದಲ ಮಾತು: "ಇಷ್ಟು ಚಂದದ ಬಿಸಿಲು, ಒಂದು ಹಪ್ಪಳ ಒಣಗಿಸುವವರಿಲ್ವಲ್ಲೋ!"

ಉಳಿದವರು ಪಟ್ಟಿ ಹಿಡಿದು ಹೊರಟೆವು. 28ನೇ ನಂಬರಿನ ಹಳದಿ ಟ್ರಾಮಿಗೆ ಸಾಲು ನಿಂತೆವು. ಬೆಲೆಂನಲ್ಲಿ 1837ರಿಂದ ಮಾಡುತ್ತಿರುವ ಕಸ್ಟರ್ಡ್ ತುಂಬಿದ ತಿಂಡಿ ತಿಂದೆವು. ಮೊಟ್ಟೆ ಇದೆಯೆಂದು ಆಯಿ ಮುಟ್ಟಲಿಲ್ಲ. ಹತ್ತಿರದ ಜೆರೋನಿಮೋಸ್ ಮಠದಲ್ಲಿ ವಾಸ್ಕೋ ಡ ಗಾಮಾನ ಸಮಾಧಿ. ಈ ಪೋರ್ಚುಗೀಸರು ಒಯ್ಯಲು ಬಂದದ್ದು ಕಾಳುಮೆಣಸು, ಕೊಟ್ಟು ಹೋದದ್ದು ಮೆಣಸಿನಕಾಯಿ ಎಂದು ಮಗಳಿಗೆ ಹೇಳಿದೆ. ಅವಳಿಗೆ ಐಸ್‌ಕ್ರೀಮ್ ಬೇಕಿತ್ತು.

ಅಂಗಡಿಯೊಂದರ ಮುಂದೆ ಉಪ್ಪು ಹಾಕಿದ ಒಣಮೀನು ಹಲಗೆಯಂತೆ ಪೇರಿಸಿಟ್ಟಿದ್ದರು. ಇವರ ಪ್ರೀತಿಯ ಬಕಲ್ಯಾವು. ಆಯಿ ಮೂಗಿಗೆ ಸೆರಗು ಹಿಡಿದಳು, ಆದರೆ ನಿಂತು ನೋಡಿದಳು. ಒಣಗಿಸುವ ಕೆಲಸ ಯಾರು ಮಾಡಿದರೂ ಅವಳಿಗೆ ಗೌರವ. ಮೀನು ಹೆಚ್ಚಾಗಿ ನಾರ್ವೆ ಕಡೆಯ ತಣ್ಣನೆ ಸಮುದ್ರದ್ದು ಎಂದೆ. "ಮತ್ತೆ ಈ ಬಿಸಿಲನ್ನು ಏನು ಮಾಡ್ತಾರೆ?" ಎಂದಳು. ಹೋಟೆಲಿನ ಹೊರಗೆ ಮುಖ ಮೇಲೆ ಮಾಡಿ ಕೂತವರನ್ನು ತೋರಿಸಿದೆ. ಸುಮ್ನೆ ಕಾಯಿಸಿಕೊಳ್ಳುತ್ತಾರೆ. ಅದು ಆಯಿಗೆ ಕೊನೆಗೂ ಅರ್ಥವಾಗಲಿಲ್ಲ.

ಅವಳಿಗೆ ಊರು ಹಿಡಿಸಿದ್ದು ಅಲ್ಫಾಮಾದ ಓಣಿಗಳಲ್ಲಿ. ಅಲ್ಲಿ ಕಿಟಕಿ ಕಿಟಕಿಗೂ ತಂತಿ, ತಂತಿ ತುಂಬ ಲುಂಗಿಯಷ್ಟಗಲದ ಟವೆಲು, ಚಡ್ಡಿ, ಹಾಸಿಗೆ ಬಟ್ಟೆ. ಮಳೆಗಾಲದಲ್ಲಿ ನಮ್ಮ ಅಂಗಿಗಳನ್ನು ಬಚ್ಚಲೊಲೆಯ ಮೇಲೆ ಕಟ್ಟಿ ಒಣಗಿಸಿದವಳು ಅವಳು. ಹೊಗೆ ವಾಸನೆಯ ಯೂನಿಫಾರ್ಮಿನಲ್ಲೇ ನನ್ನ ಹೈಸ್ಕೂಲು ಮುಗಿಯಿತು.

ನಾವು ಉಳಿದದ್ದೂ ಆ ಓಣಿಯಲ್ಲೇ, ಮೂರನೇ ಮಹಡಿ. ಮನೆಯೊಡತಿ ಬೀಗದ ಕೈ ಎತ್ತಿ ತೋರಿಸಿ "ಶಾವ್" ಎಂದಾಗ ಆಯಿ ತಕ್ಷಣ "ಚಾವಿ!" ಎಂದಳು. ಬಟಾಟೆ, ಅನಾನಸೂ ಅವರ ಬಾಯಲ್ಲಿ ಹಾಗೇ ಇವೆ. ಆ ಮೇಲೆ ಇಬ್ಬರಿಗೂ ನನ್ನ ಇಂಗ್ಲಿಷ್ ಬೇಕಾಗಲಿಲ್ಲ.

ಮರುದಿನ ಆಯಿ ಸೀರೆ ಒಗೆದು ಕಿಟಕಿಯ ತಂತಿಗೆ ಹಾಕಿದಳು. ಎರಡು ಮಡಿಕೆ ಮಾಡಿದರೂ ಸೆರಗು ಕೆಳಗಿನ ಮನೆಯ ಕಿಟಕಿ ದಾಟಿತು. ಆ ಮನೆಯ ಅಜ್ಜಿಯ ಅಡುಗೆಮನೆಗೆ ಕತ್ತಲಾಯಿತು. ಆಕೆ ತಲೆ ಹೊರಹಾಕಿ ಪೋರ್ಚುಗೀಸಿನಲ್ಲಿ ಜೋರಾಗಿ ಏನೋ ಹೇಳಿದಳು. "ಅರ್ಧ ಗಂಟೆ, ಒಣಗೋಯ್ತು" ಎಂದು ಆಯಿ ಮೇಲಿನಿಂದ ಕನ್ನಡದಲ್ಲಿ ಕೂಗಿದಳು. ಸ್ವಲ್ಪ ಹೊತ್ತಿಗೆ ಅಜ್ಜಿ ಮೆಟ್ಟಿಲು ಹತ್ತಿ ಬಂದು, ಒಂದು ಹಿಡಿ ಬಟ್ಟೆ ಕ್ಲಿಪ್ಪು ಕೊಟ್ಟು ಹೋದಳು.

ರಾತ್ರಿ ಎಂಟೂವರೆಗೂ ಬಿಸಿಲು ಇಳಿದಿರಲಿಲ್ಲ. ಅಷ್ಟರಲ್ಲಿ ಅತ್ತಿಗೆಯ ಫೋನು. ಊರಲ್ಲಿ ಸರಿರಾತ್ರಿ, ಮಳೆ ಸದ್ದಿಗೆ ನಿದ್ದೆಯಿಲ್ಲ, ಮಕ್ಕಳ ಬಟ್ಟೆ ಮೂರು ದಿನದಿಂದ ಒಣಗಿಲ್ಲವಂತೆ.

"ಇಲ್ಲಿಗೆ ಕಳಿಸ್ಕೊಡು," ಎಂದಳು ಆಯಿ. "ತಂತಿ ಖಾಲಿ ಇದೆ."