ಪಾಳಿ ಮುಗಿಯುವ ಹೊತ್ತಿನ ಸೂಜಿ
ನಿಮ್ಮ ಲೇಖನದಲ್ಲಿ ದಣಿದ ನರ್ಸ್‌ಗಳಿಂದ ರೋಗಿಗಳಿಗೆ ಆಗುವ ತೊಂದರೆ ಬಗ್ಗೆ ಬರೆದಿದ್ದೀರಿ, ಸರಿ. ಆದರೆ ಆ ನರ್ಸ್‌ಗೇ ಏನಾಗುತ್ತದೆ ಅನ್ನೋದೂ ಬರಬೇಕಿತ್ತು ಅಲ್ವಾ? 12 ಗಂಟೆಯ ನೈಟ್ ಡ್ಯೂಟಿ ಮುಗಿಯುವ ಹೊತ್ತಲ್ಲಿ ರಕ್ತ ತೆಗೆದ ಸೂಜಿಯನ್ನು ಡಬ್ಬಿಗೆ ಹಾಕುವ ಬದಲು, ಕಣ್ಣು ಎಳೆಯುತ್ತಿದ್ದ ಹಾಗೇ ಕ್ಯಾಪ್ ಮುಚ್ಚೋಕೆ ಹೋಗಿ ಬೆರಳಿಗೆ ಚುಚ್ಚಿಕೊಂಡವಳು ನಾನು. ಗ್ಲೌಸ್ ಒಳಗೆ ರಕ್ತದ ಚುಕ್ಕೆ ಹರಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ 28 ದಿನ ಎಚ್‌ಐವಿ ತಡೆಯುವ ಮಾತ್ರೆ, ವಾಕರಿಕೆ, ರಿಪೋರ್ಟ್ ಬರುವ ತನಕ ಭಯ. 17 ಗಂಟೆ ನಿದ್ದೆಗೆಟ್ಟರೆ ಕೈ-ಕಣ್ಣಿನ ಹಿಡಿತ ಕುಡಿದವರ ಹಾಗೆ ತಪ್ಪುತ್ತದೆ ಅಂತ 1997ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಅದೇ ಸ್ಥಿತಿಯಲ್ಲಿ ಗಾಡಿ ಓಡಿಸಿಕೊಂಡು ಮನೆಗೆ ಹೋಗುತ್ತೇವೆ. ಆಸ್ಪತ್ರೆ ನಡೆಸುವವರೇ, ಸುಮ್ನೆ ‘ಹುಷಾರು’ ಅಂತ ಪೋಸ್ಟರ್ ಅಂಟಿಸಬೇಡಿ. ರಾತ್ರಿ 20 ನಿಮಿಷ ಮಲಗೋಕೆ ಬಿಡಿ, ಡಬಲ್ ಡ್ಯೂಟಿ ನಿಲ್ಲಿಸಿ.